ಎದುರುಮನೆಯಮ್ಮ ಕೊಂಡ ಆಟದ ಕಂಪ್ಯೂಟರು

ಮೊನ್ನೆ ನಮ್ಮ ರಸ್ತೆಯ ಮೂಲೆಯಲ್ಲಿ ಇಸ್ತ್ರಿ ಗಾಡಿಯವನು ಫೋನಿನಲ್ಲಿ ಮಾತಾಡುತ್ತಾ ಮೈಮರೆತ. ಯಾರದೋ ದಿಂಬಿನ ಕವರು ಸೀದುಹೋಯಿತು. ನಾನು ಪಕ್ಕದಲ್ಲೇ ಸೊಪ್ಪು ಆರಿಸುತ್ತಾ ನಿಂತಿದ್ದೆ. ಬಿಸಿಯಾದ ಹತ್ತಿ ಬಟ್ಟೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯಮ್ಮ ನೆನಪಾದರು. ಮಲ್ಲಿಗೆಯ ವಾಸನೆಗೆ, ಕಾಫಿಯ ವಾಸನೆಗೆ ಜನ ನೆನಪಾಗುತ್ತಾರೆ ಅನ್ನುತ್ತಾರೆ. ನನಗೆ ಸೀದ ಬಟ್ಟೆಯ ವಾಸನೆಗೆ ನೆನಪಾದರು. ಏನು ಮಾಡಲಿ, ಇದ್ದದ್ದು ಹಾಗೆ.

ನಾನು ಹುಟ್ಟಿದ್ದು ಬ್ಯಾಡರಹಳ್ಳಿಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಎಮ್ಮೆ ಹಗ್ಗ ಕೈಗೆ ಕೊಟ್ಟರು. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದ ಮೇಲೆ ಎದುರುಮನೆಯವರು ಸಿಕ್ಕರು. ಅವರು ಓದಿದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರವರಿಗೆಲ್ಲ ಲೈನು ಕೊಟ್ಟು ಕೊಟ್ಟು ರಿಟೈರಾದರು. ನನಗಿಂತ ಒಂದೆರಡು ವರ್ಷ ಚಿಕ್ಕವರು, ನನ್ನನ್ನು ಅಕ್ಕ ಅನ್ನುತ್ತಿದ್ದರು. ಗಂಡ ಬೇಗ ಹೋದರು. ಒಬ್ಬಳೇ ಮಗಳು, ವಿಜಯನಗರದಲ್ಲಿ ಸಂಸಾರ ಮಾಡಿಕೊಂಡಿದ್ದಳು, ಕಾಯಿಲೆ ಬಂದು ಅವಳೂ ಹೋದಳು. ಅಳಿಯ ಹೆಣ್ಣುಮಗುವನ್ನು ಕರೆದುಕೊಂಡು ದಾವಣಗೆರೆಗೆ, ತನ್ನ ತಾಯಿಯ ಮನೆಗೆ ಹೊರಟುಹೋದ. ಹೋಗಬೇಡ ಅನ್ನುವುದಕ್ಕೆ ಇವರಿಗೆ ಬಾಯಿ ಬರಲಿಲ್ಲ. ಮಗುವಿನ ಕೈಗೆ ಚಕ್ಕುಲಿ ಡಬ್ಬಿ ಕೊಟ್ಟು ಕಳಿಸಿದರು.

ಆಮೇಲೆ ಪ್ರತಿ ಭಾನುವಾರ ಫೋನು. ನಾನು ಅವರ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರೆ ಎಲ್ಲಾ ಕಿವಿಗೆ ಬೀಳುತ್ತಿತ್ತು.

"ಊಟ ಆಯ್ತಾ ಪುಟ್ಟಿ?"

"ಆಯ್ತು."

"ಏನ್ ಸಾರು?"

"ಗೊತ್ತಿಲ್ಲ ಅಜ್ಜಿ. ಏನೋ ಸಾರು."

ಅಷ್ಟೇ. ಆಮೇಲೆ ಇಬ್ಬರೂ ಸುಮ್ಮನಿರುವುದು. ಜೀವಮಾನವೆಲ್ಲಾ ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟ ಹೆಂಗಸು, ತನ್ನ ಮೊಮ್ಮಗಳ ಹತ್ತಿರ ಮಾತು ಹುಟ್ಟದೆ ಫೋನನ್ನು ನೋಡುತ್ತಾ ಕೂರುತ್ತಿದ್ದರು. ವಾರದಿಂದ ವಾರಕ್ಕೆ ಮಾತು ಚಿಕ್ಕದಾಗುತ್ತಾ ಬಂತು. "ಇನ್ನೊಂದು ವರ್ಷ ಹೋದ್ರೆ ಹಲೋ ಅನ್ನೋದೂ ನಿಂತೋಗುತ್ತೆ ಅಕ್ಕ," ಎಂದರು ಒಂದು ದಿನ. ಹೌದು, ನಿಂತೋಗುತ್ತೆ ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ?

ಹುಡುಗಿ ಎಂಟನೇ ಕ್ಲಾಸಿನಲ್ಲಿದ್ದಾಗ ಇರಬೇಕು. ಒಂದು ಭಾನುವಾರ, "ಅಜ್ಜಿ, ಗೇಮ್ ಆಡ್ತಾ ಇದೀನಿ, ಆಮೇಲೆ ಮಾಡ್ತೀನಿ" ಎಂದಳು. ಬೇರೆ ದಿನವಾಗಿದ್ದರೆ ಇವರು ಫೋನಿಟ್ಟುಬಿಡುತ್ತಿದ್ದರು. ಅವತ್ತು ಏನು ಹೊಳೆಯಿತೋ, "ಏನ್ ಗೇಮು?" ಎಂದು ಕೇಳಿದರು.

"ಲಾರಿ ಓಡ್ಸೋದು."

"ಲೋಡ್ ಏನು?"

ಅಷ್ಟೇ, ಶುರುವಾಯಿತು ನೋಡಿ ಆ ಹುಡುಗಿಯ ಮಾತು! ಲಾರಿಯಲ್ಲಿ ಮರದ ದಿಮ್ಮಿ ಇದೆ, ರಸ್ತೆ ತುಂಬಾ ಮಂಜು ಬಿದ್ದಿದೆ, ಹಿಂದಿನ ವಾರ ಗಾಡಿ ಹಳ್ಳಕ್ಕೆ ಬಿತ್ತು, ದಂಡ ಹಾಕಿದರು... ಇವರು ಹೂಂಗುಟ್ಟುತ್ತಾ ಕೂತರು. ಕೊನೆಗೆ ಅವಳೇ, "ನೀನೂ ಬಾ ಅಜ್ಜಿ. ಇಬ್ರೂ ಒಟ್ಟಿಗೆ ಗಾಡಿ ಓಡ್ಸ್ಬೋದು. ಮಾತಾಡ್ಕೊಂಡೇ ಹೋಗ್ಬೋದು. ಆದ್ರೆ ನಿಮ್ಮನೇಲಿ ಗೇಮಿಂಗ್ ಕಂಪ್ಯೂಟರ್ ಎಲ್ಲಿದೆ?" ಎಂದಳು.

ಮಾರನೆಯ ದಿನ ಬೆಳಿಗ್ಗೆ ಎದುರುಮನೆಯಮ್ಮ ನಮ್ಮ ಗೇಟಿನಲ್ಲಿ ನಿಂತಿದ್ದರು. "ಅಕ್ಕ, ಅರವತ್ತೈದು ಸಾವಿರ ಇದೆ. ಅದರ ಮೇಲೆ ಒಂದು ರೂಪಾಯಿ ಇಲ್ಲ. ಜೊತೆಗೆ ಬರ್ತೀರಾ?"

ಅದು ಯಾವ ದುಡ್ಡು ಎಂದು ನನಗೆ ಗೊತ್ತಿತ್ತು. ನಮ್ಮ ಕಡೆ ಹೆಂಗಸರಿಗೆ ಒಂದು ರೂಢಿ. ಸತ್ತಾಗ ಯಾರ ಕೈಯನ್ನೂ ಕಾಯಬಾರದೆಂದು ತಮ್ಮ ತಿಥಿಯ ಖರ್ಚನ್ನು ತಾವೇ ತೆಗೆದಿಡುತ್ತಾರೆ. ನಾನೂ ಇಟ್ಟಿದ್ದೇನೆ. ಅವರು ಹದಿಮೂರನೇ ದಿನದ ಊಟಕ್ಕೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ದುಡ್ಡು ಅದು.

"ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಎಂದೆ.

"ಅವತ್ತು ಊಟಕ್ಕೆ ಬಂದೋರ ಮುಖ ನಾನು ನೋಡಲ್ವಲ್ಲ ಅಕ್ಕ."

"ನಾನು ಬರ್ತೀನಲ್ಲ. ನನಗೆ ಹೋಳಿಗೆ ಬೇಡ್ವಾ?"

"ನಿಮಗೆ ಈಗಲೇ ಮಾಡ್ಹಾಕ್ತೀನಿ ಬನ್ನಿ," ಎಂದು ನಕ್ಕರು. ಮಾಡಿಹಾಕಿದರು ಕೂಡ. ಹೂರಣ ಸ್ವಲ್ಪ ಸಡಿಲವಾಗಿತ್ತು.

ವಿಜಯನಗರದಲ್ಲಿ ಬೇಕರಿಯ ಮೇಲೆ ಒಂದು ಕಂಪ್ಯೂಟರ್ ಅಂಗಡಿ. ಮೆಟ್ಟಿಲು ಹತ್ತಿ ಹೋದೆವು. ಅಂಗಡಿಯವನಿಗೆ ನಲವತ್ತರ ಹತ್ತಿರ ವಯಸ್ಸು, ಒಳ್ಳೆಯ ಮಾತುಗಾರ. ಕುರ್ಚಿ ಒರೆಸಿ ಕೂರಿಸಿದ. "ಮೊಮ್ಮಗ ಯಾವ ಗೇಮ್ ಆಡ್ತಾನೆ ಅಮ್ಮ?"

"ಮೊಮ್ಮಗ ಇಲ್ಲ. ಆಡೋಳು ನಾನೇ," ಎಂದರು ಇವರು.

ಅವನು ನನ್ನ ಮುಖ ನೋಡಿದ. "ನನ್ನ ನೋಡಬೇಡಪ್ಪ, ನಾನು ಚೀಲ ಹಿಡ್ಕೊಳ್ಳೋಕೆ ಬಂದಿರೋದು," ಎಂದೆ.

ಮೊದಲಿಗೆ ಅವನು ತೋರಿಸಿದ್ದು ಒಂದು ಗಾಜಿನ ಪೆಟ್ಟಿಗೆ. ಒಳಗೆ ಕೆಂಪು, ಹಸಿರು, ನೀಲಿ ದೀಪ ಸುತ್ತುತ್ತಿದ್ದವು. "ಇದ್ರೊಳಗೆ ಏನು, ಮೀನು ಬಿಡ್ತಾರಾ?" ಎಂದು ಕೇಳಿದೆ. ಕ್ಯಾಬಿನೆಟ್ ಅಮ್ಮ, ಎಲ್ಲಾ ಪಾರ್ಟ್ಸೂ ಇದರೊಳಗೇ ಕೂರೋದು, ಈಗಿನವರು ಇದನ್ನೇ ಕೇಳೋದು ಎಂದ. ಗಣೇಶ ಕೂರಿಸುವುದಕ್ಕಾದರೆ ಚೆನ್ನಾಗಿದೆ, ನಮಗೆ ತಗಡಿನದು ಸಾಕು ಎಂದೆ. ಇವರು ನನ್ನ ಮೊಣಕೈ ಹಿಂಡಿದರು. ಅವರಿಗೆ ಆ ದೀಪ ಇಷ್ಟವಾಗಿತ್ತು, ಪಾಪ.

ಆಮೇಲೆ ಅವನು ಒಂದೊಂದೇ ವಿವರಿಸಿದ. ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ತಲೆ. ಮದರ್‌ಬೋರ್ಡ್ ಎಂದರೆ ಎಲ್ಲವನ್ನೂ ಕೂರಿಸುವ ಹಲಗೆ. ಗ್ರಾಫಿಕ್ಸ್ ಕಾರ್ಡ್ ಎಂದರೆ ಆಟದ ರಸ್ತೆ, ಮರ, ಮಂಜು ಎಲ್ಲವನ್ನೂ ಕಣ್ಣಿಗೆ ಬರೆದು ತೋರಿಸುವುದು, ಆಟಕ್ಕೆ ಅದೇ ಮುಖ್ಯ, ಅದೇ ದುಬಾರಿ. ಎಲ್ಲಕ್ಕೂ ಕರೆಂಟು ಹಂಚುವ ಡಬ್ಬಿ ಬೇರೆ. ನನಗೆ ಅರ್ಥವಾಗಿದ್ದು ಇಷ್ಟು: ಇದು ಮದುವೆ ಮಾಡಿದ ಹಾಗೆ. ಇರುವ ದುಡ್ಡಿನಲ್ಲೇ ಛತ್ರ, ಅಡುಗೆ, ಸೀರೆ, ವಾಲಗ. ಛತ್ರಕ್ಕೆ ಸುರಿದರೆ ಎಲೆಗೆ ಪಲ್ಯ ಬೀಳುವುದಿಲ್ಲ. ಹಾಗೆಂದೆ. ಎದುರುಮನೆಯಮ್ಮನಿಗೆ ಅದು ಹಿಡಿಸಿತು. "ಹಾಗಾದ್ರೆ ಕಾರ್ಡು ಊಟ. ಊಟಕ್ಕೆ ಕಡಿಮೆ ಮಾಡೋದು ಬೇಡ," ಎಂದರು.

ಅವತ್ತೇ ಕೊಂಡು ಮುಗಿಸಬಹುದಿತ್ತು. ಕೊಳ್ಳಲಿಲ್ಲ. ಮನೆಗೆ ಬಂದು ಮೊಮ್ಮಗಳಿಗೆ ಫೋನು ಮಾಡಿದರು, ಭಾನುವಾರವಲ್ಲದಿದ್ದರೂ. "ಪುಟ್ಟಿ, ಅಂಗಡಿಯವನು ಎಂಟು ಜಿಬಿ ರ‍್ಯಾಮ್ ಸಾಕು ಅಂತಾನೆ." "ಅಯ್ಯೋ ಸಾಲಲ್ಲ ಅಜ್ಜಿ, ಹದಿನಾರು ಹಾಕ್ಸು, ಲೈಟಿನ ಕೀಬೋರ್ಡ್ ತಗೋಬೇಡ." ಮಾರನೆಯ ದಿನ ಸ್ಕ್ರೀನಿನ ವಿಚಾರ. ಅದರ ಮಾರನೆಯ ದಿನ ಹೆಡ್‌ಫೋನ್. ಸ್ಟೀರಿಂಗ್ ಬೇಕಿತ್ತು ಇವರಿಗೆ. ಅದಕ್ಕೆ ದುಡ್ಡು ಸಾಲದು, ಕಾರ್ಡು ಇಳಿಸಿದರೆ ಬರುತ್ತದೆ. "ಕಾರ್ಡ್ ಇಳಿಸ್ಬೇಡ ಅಜ್ಜಿ, ಬಟನ್ನಲ್ಲೇ ತಿರುಗಿಸ್ಬೋದು, ನಾನು ಕಲಿಸ್ತೀನಿ," ಎಂದಳು ಹುಡುಗಿ. ರಾಜಾಜಿನಗರದ ಇನ್ನೊಂದು ಅಂಗಡಿಗೂ ಹೋಗಿ ವಿಚಾರಿಸಿಕೊಂಡು ಬಂದೆವು, ಅದನ್ನೂ ಅವಳಿಗೆ ವರದಿ ಮಾಡಿದ್ದಾಯಿತು. ವಿಜಯನಗರದವನ ಹತ್ತಿರ ಮತ್ತೆ ಹೋದರೆ, "ಅಮ್ಮ, ನೀವು ಬರೋದ್ರೊಳಗೆ ಇನ್ನೊಂದು ಹೊಸ ಕಾರ್ಡೇ ಬಂತು" ಎಂದು ನಗುತ್ತಿದ್ದ.

ನನಗೆ ನಿಧಾನವಾಗಿ ತಿಳಿಯಿತು. ಈ ಹೆಂಗಸಿಗೆ ಕೊಳ್ಳುವ ಆತುರವಿಲ್ಲ. ಆರಿಸುತ್ತಿರುವಷ್ಟು ದಿನ ಮಾತಾಡುವುದಕ್ಕೆ ವಿಷಯ ಇದೆ. ಕೊಂಡುಬಿಟ್ಟರೆ ವಿಷಯ ಮುಗಿಯಿತು, ಆಟ ಬರದಿದ್ದರೆ ಮತ್ತೆ ಊಟ ಆಯ್ತಾ, ಏನ್ ಸಾರು.

"ರೀ, ಭಯ ಆಗ್ತಿದೆಯೇನ್ರೀ?" ಎಂದು ಕೇಳಿದೆ.

"ಈ ವಯಸ್ಸಲ್ಲಿ ನನ್ ಕೈಲಿ ಓಡಿಸೋಕೆ ಬರ‍್ದೇ ಹೋದ್ರೆ ಅಕ್ಕ? ಸೈಕಲ್ ಕೂಡ ತುಳಿದೋಳಲ್ಲ ನಾನು."

"ಬರದೇ ಹೋದ್ರೆ ಬರಲ್ಲ. ಹೀಗೇ ಅಂಗಡಿ ಸುತ್ತುತ್ತಾ ಇದ್ರೆ ಆ ಹುಡುಗಿಗೆ ಮದುವೆ ವಯಸ್ಸು ಬರುತ್ತೆ."

ಮುಖ ಊದಿಸಿಕೊಂಡರು. ಸಂಜೆಗೆ ಹೋಗಿ ಕೊಂಡು ಬಂದೆವು. ಯುಗಾದಿ ಕಳೆದು ಬೇಸಿಗೆ ರಜೆ ಶುರುವಾಗಿತ್ತು.

ಅಂಗಡಿಯವನು ಮನೆಗೇ ಬಂದು ಜೋಡಿಸಿಕೊಟ್ಟ. ಹೋಗುವಾಗ, "ಧೂಳು ಕೂರದ ಹಾಗೆ ನೋಡ್ಕೊಳ್ಳಿ ಅಮ್ಮ, ಧೂಳೇ ಇದರ ಶತ್ರು" ಎಂದು ಹೇಳಿ ಹೋದ. ಅಷ್ಟು ಹೇಳಿದ್ದೇ ಸಾಕಾಯಿತು. ಎದುರುಮನೆಯಮ್ಮನ ಮನೆಯಲ್ಲಿ ಬಟ್ಟೆ ತೊಡದ ಸಾಮಾನು ಇರಲಿಲ್ಲ. ಟೀವಿಗೆ ಕಸೂತಿಯ ಹೊದಿಕೆ, ಮಿಕ್ಸಿಗೆ ಟೋಪಿ, ಫ್ರಿಜ್ಜಿನ ಹಿಡಿಕೆಗೆ ಕೈಗವಸು, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಹೊಸ ಕಂಪ್ಯೂಟರಿಗೆ ಒಂದು ಹಳೆಯ ಹತ್ತಿ ಸೀರೆಯನ್ನು ಎರಡು ಪದರ ಮಾಡಿ, ನಾಲ್ಕೂ ಕಡೆ ಮುಚ್ಚುವ ಹಾಗೆ, ಅಂಚಿಗೆ ಜರಿ ಇಟ್ಟು ಹೊಲಿದರು. ಬಟನ್ನಿಗೆ ಮಾತ್ರ ಒಂದು ಕಿಂಡಿ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು.

ಮೊದಲ ದಿನಗಳಲ್ಲಿ ಅವರ ಲಾರಿ ಕಂಬಕ್ಕೆ ಗುದ್ದಿತು, ಹೊಲಕ್ಕೆ ಇಳಿಯಿತು, ಒಮ್ಮೆ ಸೇತುವೆಯ ಮೇಲೆ ಅಡ್ಡಡ್ಡ ನಿಂತು ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದವು. ಹುಡುಗಿ ಹೆಡ್‌ಫೋನಿನಲ್ಲಿ ಬಿದ್ದು ಬಿದ್ದು ನಗುವುದು ನನಗೂ ಕೇಳುತ್ತಿತ್ತು. "ತಿರುವಲ್ಲಿ ಬ್ರೇಕ್ ಹಾಕ್ಬೇಡ ಅಜ್ಜಿ, ತಿರುವಿಗೆ ಮುಂಚೆ ಹಾಕು!" ದಿನಾ ಸಂಜೆ ಮುಂದೆ ಅವಳ ಲಾರಿ, ಹಿಂದೆ ಇವರದು. ಸ್ವಲ್ಪ ಪಳಗಿದ ಮೇಲೆ ಮಾತು ಬಂತು. ರಸ್ತೆ ನೋಡುತ್ತಾ ಆಡುವ ಮಾತು, ಮುಖ ನೋಡಬೇಕಾಗಿಲ್ಲವಲ್ಲ... ಸ್ಕೂಲಿನಲ್ಲಿ ಯಾರೋ ಅವಳನ್ನು ಆಡಿಕೊಂಡದ್ದು, ಅಪ್ಪ ಮನೆಯಲ್ಲಿ ಮಾತೇ ಆಡುವುದಿಲ್ಲವೆಂದು, ಅಮ್ಮನ ಸೀರೆಗಳು ಎಲ್ಲಿವೆ ಅಜ್ಜಿ ಎಂದು. ಅಂಥ ಮಾತು ಬಂದಾಗ ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ.

ಆಮೇಲೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರತೊಡಗಿತು. ಆಡಲು ಕೂತು ಸ್ವಲ್ಪ ಹೊತ್ತಿಗೆ ಫಕ್ಕನೆ ಕತ್ತಲೆ. ಮನೆಯ ಕರೆಂಟು ಇರುತ್ತಿತ್ತು, ಇದು ಮಾತ್ರ ಸತ್ತ ಹಾಗೆ. ಸ್ವಲ್ಪ ಬಿಟ್ಟು ಹಾಕಿದರೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಹೀಗೆ ಒಂದು ವಾರ. ಒಂದು ದಿನ ಹುಡುಗಿ ಅಮ್ಮನ ಆಸ್ಪತ್ರೆಯ ದಿನಗಳ ಬಗ್ಗೆ ಏನೋ ಹೇಳುತ್ತಿದ್ದಳಂತೆ. ಆಗಲೇ ಆರಿತು. ಇವರು ತಕ್ಷಣ ಫೋನು ಮಾಡಿದರು. ಅವಳು ಎತ್ತಿದ್ದು ತುಂಬಾ ಹೊತ್ತಾದ ಮೇಲೆ.

"ಲಾರಿ ಕನ್ನಡೀಲಿ ಹಿಂದೆ ನೋಡ್ತೀನಿ, ನೀನಿರಲ್ಲ. ನಾನು ಒಬ್ಳೇ ಮಾತಾಡ್ತಾ ಇರ್ತೀನಿ ಅಜ್ಜಿ. ಬೇಡ ಬಿಡು. ನಾನಿನ್ನು ಬರಲ್ಲ."

ಹೇಳಿದ ಹಾಗೆಯೇ ಬರಲಿಲ್ಲ. ಫೋನೂ ಎತ್ತಲಿಲ್ಲ. ಎದುರುಮನೆಯಮ್ಮ ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರ್ ಆನ್ ಮಾಡಿಟ್ಟು ಸುಮ್ಮನೆ ಕೂತಿರುತ್ತಿದ್ದರು. ಊಟ ಮಾಡಿ ಎಂದರೆ ಹೂಂ ಎನ್ನುವರು, ಏಳುವುದಿಲ್ಲ. ನನಗೆ ಕೋಪ ಬಂತು. ಅಗ್ಗದ ಪಾರ್ಟು ಹಾಕಿ ಮೋಸ ಮಾಡಿದ್ದಾನೆ ಎಂದು ಅಂಗಡಿಗೆ ಒಬ್ಬಳೇ ಹೋಗಿ ಮೆಟ್ಟಿಲ ಮೇಲಿಂದಲೇ ಜಗಳ ಶುರುಮಾಡಿದೆ. ಬೇಕರಿಯವರು ಹೊರಗೆ ಬಂದು ನೋಡಿದರು. ಅವನು ಏನೂ ಎದುರಾಡದೆ ಸ್ಕೂಟರಿನಲ್ಲಿ ನನ್ನನ್ನೇ ಕೂರಿಸಿಕೊಂಡು ಬಂದ.

ಬಂದವನು ಬಾಗಿಲಲ್ಲೇ ನಿಂತ. ಮೂಗರಳಿಸಿದ. ಬಿಸಿ ಬಟ್ಟೆಯ ವಾಸನೆ. ಹೋಗಿ ಜರಿ ಅಂಚು ಹಿಡಿದು ಹೊದಿಕೆಯನ್ನು ಮೇಲೆತ್ತಿದ. ಒಳಗಿನ ಬಿಸಿ ನನ್ನ ಮುಖಕ್ಕೂ ಹೊಡೆಯಿತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ.

"ಅಮ್ಮ, ಇದು ಉಸಿರಾಡ್ಬೇಕು. ಒಳಗೆ ಫ್ಯಾನ್ ತಿರುಗ್ತಾ ಇದೆ, ಗಾಳಿ ಬರೋಕೆ ದಾರಿ ಎಲ್ಲಿದೆ? ಕಾದು ಕಾದು ತಾನೇ ಆಫ್ ಆಗಿದೆ. ಸದ್ಯ, ಏನೂ ಸುಟ್ಟಿಲ್ಲ."

"ಧೂಳು ಕೂರಬಾರ್ದು ಅಂದೆಯಲ್ಲಪ್ಪ!" ಎಂದರು ಇವರು.

ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಮುಖ ನೋಡಿ ತಡೆದುಕೊಂಡ.

ಹುಡುಗಿಗೆ ನಾನೇ ನನ್ನ ಫೋನಿನಿಂದ ಮಾಡಿದೆ, ಹೊಸ ನಂಬರು ನೋಡಿ ಎತ್ತಲಿ ಎಂದು. "ನಾನು ಎದುರುಮನೆಯೋಳು ಕಣಮ್ಮ. ನಿಮ್ಮಜ್ಜಿ ನಿನ್ನ ಬಿಟ್ಟು ಎಲ್ಲೂ ಹೋಗಿರ್ಲಿಲ್ಲ. ಕಂಪ್ಯೂಟರಿಗೆ ಸೀರೆ ಉಡಿಸಿದ್ರು, ಅದು ಸೆಕೆ ತಡೀಲಾರದೆ ಮೂರ್ಛೆ ಹೋಗ್ತಿತ್ತು." "ಸೀರೆನಾ?" ಎಂದಳು. ಆಮೇಲೆ ನಕ್ಕಳೋ ಅತ್ತಳೋ, ನನಗೆ ಗೊತ್ತಾಗಲಿಲ್ಲ. ಸಂಜೆ ಎದುರುಮನೆಯ ಕಿಟಕಿಯಿಂದ ಲಾರಿಯ ಸದ್ದು ಬಂತು.

ಒಂದು ವರ್ಷ ಹಾಗೆ ನಡೆಯಿತು. ಒಳ್ಳೆಯ ವರ್ಷ. ಹುಡುಗಿ ಹತ್ತನೇ ಕ್ಲಾಸಿಗೆ ಬಂದಾಗ ಅಳಿಯ ಫೋನು ಮಾಡಿ, "ಅತ್ತೆ, ಇನ್ನು ಆಟ ಬಂದ್. ಅವಳ ಕಂಪ್ಯೂಟರ್ ಎತ್ತಿಟ್ಟಿದೀನಿ, ಪರೀಕ್ಷೆ ಮುಗಿದ್ಮೇಲೆ ವಾಪಸ್ ಕೊಡ್ತೀನಿ ಅಂತ ಅವಳಿಗೂ ಹೇಳಿದೀನಿ" ಎಂದ. ಇವರು ಆಯ್ತಪ್ಪ ಎಂದರು. ಮತ್ತೆ ಭಾನುವಾರದ ಫೋನು. ಆದರೆ ಈಗ ಮಾತು ಇತ್ತು. ಇವರು ಒಬ್ಬರೇ ಲಾರಿ ಓಡಿಸಿ, ಯಾವ ಊರಿಗೆ ಹೋದೆ, ಎಲ್ಲಿ ದಂಡ ಕಟ್ಟಿದೆ ಎಂದು ಅವಳಿಗೆ ಹೇಳುವರು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಬಂದು ನಮ್ಮ ಗೇಟಿನಲ್ಲಿ ಕೂತರು. ಆಟೋದಲ್ಲಿ ಹಾಕಿಕೊಂಡು ಹೋದೆ. ದಾರಿಯಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು, "ಇವ್ನು ತಿರುವಲ್ಲಿ ಬ್ರೇಕ್ ಹಾಕ್ತಾನೆ ಅಕ್ಕ" ಎಂದರು. ಸುಮ್ಮನಿರ್ರೀ ಎಂದು ಗದರಿದೆ. ಸುಮ್ಮನಾದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ಅಳಿಯ ಬಂದ, ಒಬ್ಬನೇ. ಎಲ್ಲಾ ಕಾರ್ಯವನ್ನೂ ಮಾಡಿದ, ಅವನನ್ನು ದೂರಲಾರೆ. ಹದಿಮೂರನೇ ದಿನಕ್ಕೆ ಹೊರಗಿನಿಂದ ಊಟ ತರಿಸಿದ. ಪಾಯಸ ನೀರಾಗಿತ್ತು. ಹೊರಡುವಾಗ ನನ್ನ ಹತ್ತಿರ ಬಂದು ಕೈ ಮುಗಿದ. "ಅಮ್ಮ, ಅವಳಿಗೆ ಇನ್ನೂ ಹೇಳಿಲ್ಲ. ಪರೀಕ್ಷೆ ಮುಗೀಲಿ. ಅತ್ತೆ ಕಾಶಿಗೆ ಹೋಗಿದಾರೆ, ಅಲ್ಲಿ ಫೋನ್ ಸರಿಯಾಗಿ ಸಿಗಲ್ಲ ಅಂದಿದೀನಿ. ನೀವು ದಯವಿಟ್ಟು ಬಾಯಿ ಬಿಡ್ಬೇಡಿ." ನಮ್ಮ ಜನ ಮಾಡುವುದೇ ಹೀಗೆ. ಮನೆಯಲ್ಲಿ ಸಾವಾದರೂ ಮಕ್ಕಳ ಹಾಲ್ ಟಿಕೆಟ್ಟು ಮೊದಲು. ಆಯ್ತು ಎಂದೆ.

ಪರೀಕ್ಷೆ ಮುಗಿದ ಮಾರನೆಯ ದಿನ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು.

"ಎದುರುಮನೆ ಅಜ್ಜೀ, ನಮ್ಮಜ್ಜಿ ಕಾಶಿಯಿಂದ ಬಂದ್ರಾ? ಅಪ್ಪ ಕಂಪ್ಯೂಟರ್ ವಾಪಸ್ ಕೊಟ್ರು. ಅಜ್ಜಿಗೆ ಬೇಗ ಆನ್ ಮಾಡೋಕೆ ಹೇಳ್ತೀರಾ? ನಾನು ಪೆಟ್ರೋಲ್ ಬಂಕ್ ಹತ್ರ ಗಾಡಿ ನಿಲ್ಲಿಸ್ಕೊಂಡು ಕಾಯ್ತಾ ಇದೀನಿ."

ಅವಳ ಮಾತಿನ ಹಿಂದೆ ಲಾರಿಯ ಎಂಜಿನ್ ಗುರುಗುಟ್ಟುವುದು ಕೇಳುತ್ತಿತ್ತು.

"ನಿಮ್ಮಪ್ಪ ಎಲ್ಲಮ್ಮ?"

"ಆಫೀಸಿಗೆ ಹೋದ್ರು. ಸಂಜೆ ಬಂದು ಏನೋ ಮಾತಾಡ್ಬೇಕು ಅಂದಿದಾರೆ."

ಸಂಜೆ ಅವನೇ ಹೇಳುತ್ತಾನೆ. ನಾನು 'ಇನ್ನೂ ಬಂದಿಲ್ಲ' ಅಂದರೆ ಮುಗಿಯಿತು, ಅದೇನು ಸುಳ್ಳೂ ಅಲ್ಲ. ಆದರೆ ಅಷ್ಟು ಹೊತ್ತು ಆ ಮಗು ಗಾಡಿ ನಿಲ್ಲಿಸಿಕೊಂಡು ಕನ್ನಡಿ ನೋಡುತ್ತಾ ಕೂರುತ್ತಿತ್ತು. ನನಗೆ ಅದು ಆಗಲಿಲ್ಲ.

"ಕೂತ್ಕೊಂಡಿದೀಯಾ?"

"ಹೂಂ, ಯಾಕೆ?"

"ನಿಮ್ಮಜ್ಜಿ ಕಾಶಿಗೆ ಹೋಗಿರ್ಲಿಲ್ಲ ಕಣಮ್ಮ. ಶಿವರಾತ್ರಿಗೆ ಮುಂಚೆಯೇ ತೀರ್ಕೊಂಡ್ರು. ಎದೆ ನೋವು ಬಂತು. ಬಹಳ ಒದ್ದಾಡ್ಲಿಲ್ಲ. ಜೊತೇಲಿ ನಾನಿದ್ದೆ."

ಎಂಜಿನ್ ಸದ್ದು ಹಾಗೆಯೇ ಬರುತ್ತಿತ್ತು. ನಾನು ಫೋನು ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅದು ನನಗೆ ಬರುವುದಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ... ಒಂದು ಸಲ ಎಂಜಿನ್ ಆಫ್ ಆಯಿತು. ಆಗ ಅವಳ ಉಸಿರು ಕೇಳಿಸಿತು.

"ಅಪ್ಪಂಗೆ ಹೇಳ್ಬೇಡಿ," ಎಂದಳು ಕೊನೆಗೆ. "ನಂಗೆ ಗೊತ್ತು ಅಂತ. ಅವ್ರು ನಂಗೆ ಹೇಗೆ ಹೇಳೋದು ಅಂತ ಇಷ್ಟ್ ದಿನ ಯೋಚ್ನೆ ಮಾಡಿರ್ತಾರೆ. ಅವ್ರೇ ಹೇಳ್ಲಿ."

ಹದಿನೈದು ವರ್ಷದ ಹುಡುಗಿ. ಆಯ್ತಮ್ಮ ಎಂದೆ.

ಇವತ್ತಿನವರೆಗೂ ಅವನಿಗೆ ಹೇಳಿಲ್ಲ. ಈಗ ಇಲ್ಲಿ ಓದಿದರೆ ಓದಲಿ. ಹುಡುಗಿ ಮುಂದಕ್ಕೆ ಓದುತ್ತಿದ್ದಾಳಂತೆ. ಅಜ್ಜಿಯ ಕಂಪ್ಯೂಟರನ್ನು ರಗ್ಗಿನಲ್ಲಿ ಸುತ್ತಿ ದಾವಣಗೆರೆಗೆ ತೆಗೆದುಕೊಂಡು ಹೋದರು. ಬಿಚ್ಚಿ ಇಡಮ್ಮ ಎಂದು ಹೇಳಿ ಕಳಿಸಿದೆ. ಎದುರುಮನೆಗೆ ಹೊಸಬರು ಬಂದಿದ್ದಾರೆ. ಒಳ್ಳೆಯವರು, ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟು ಹೋದರು. ನಾನೇನಾದರೂ ಜೋರಾಗಿ ಅಂದರೆ, ಸಾರಿ ಆಂಟಿ ಎಂದು ಒಳಗೆ ಹೋಗಿಬಿಡುತ್ತಾರೆ. ನನ್ನ ಕೈಲಿ ಬೈಸಿಕೊಂಡು, ಮುಖ ಊದಿಸಿಕೊಂಡು, ಸಂಜೆಗೆ ಮತ್ತೆ ಗೇಟಿನಲ್ಲಿ ಬಂದು ನಿಲ್ಲುವವರು ಈ ರಸ್ತೆಯಲ್ಲಿ ಇನ್ಯಾರೂ ಇಲ್ಲ.